ಅಡ್ವಾನ್ಸ್ ಕೇಳಲು ಅಮ್ಮನೇ ಹೊರಟಳು

ಬಾಡಿಗೆ ಮನೆಯಲ್ಲಿ ಹುಟ್ಟಬಹುದು, ಮದುವೆಯಾಗಬಹುದು, ಹಬ್ಬ ಮಾಡಬಹುದು, ಜಗಳವನ್ನಂತೂ ದಿನಾ ಆಡಬಹುದು. ಸಾಯುವ ಹಾಗೆ ಮಾತ್ರ ಇಲ್ಲ. ಇದನ್ನು ಯಾವ ಅಗ್ರಿಮೆಂಟಿನಲ್ಲೂ ಬರೆದಿರುವುದಿಲ್ಲ, ಆದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಅದೇ ತಲೆ ಮೇಲೆ ಬಂದು ಕೂರುವುದು ಬೇರೆ.

ಹಿಂದೂಪುರದಲ್ಲಿ ನಾನೂ ಅಮ್ಮನೂ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಓನರಮ್ಮ, ಮೇಲೆ ನಾವು. ನಾನು ರವಿಕೆ ಹೊಲಿಯುವವಳು. ಮಿಷಿನ್ನು ಕಿಟಕಿಯ ಪಕ್ಕ, ಅಮ್ಮನ ಮಂಚ ಮಿಷಿನ್ನಿನ ಪಕ್ಕ. ಗಂಡನ ಮಾತು ಇಲ್ಲಿ ಬೇಡ. ಅವನು ಬಿಟ್ಟು ಹೋಗಿ ಬಹಳ ಕಾಲವಾಯಿತು, ಹೋದದ್ದೇ ಒಳ್ಳೆಯದಾಯಿತು. ಓನರಮ್ಮನೂ ಗಂಡನನ್ನು ಕಳೆದುಕೊಂಡವಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳ ರವಿಕೆಗಳಿಗೆ ಕೂಲಿ ಮುಟ್ಟುತ್ತಿರಲಿಲ್ಲ, ಅವಳು ಯುಗಾದಿಗೆ ಒಬ್ಬಟ್ಟು ಮೇಲಕ್ಕೆ ಕಳಿಸುತ್ತಿದ್ದಳು. ಆ ಮನೆಗೆ ಬರುವಾಗ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ನನ್ನ ಹೆಸರಿನಲ್ಲಿ ಭೂಮಿಯ ಮೇಲೆ ಇದ್ದ ಆಸ್ತಿ ಎಂದರೆ ಆ ದುಡ್ಡು, ಆ ಮಿಷಿನ್ನು.

ಆಮೇಲೆ ಅಮ್ಮನ ಗುಂಡಿಗೆ ಸೋತಿತು. ಕಾಲು ಊದಿಕೊಂಡವು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಇಲ್ಲಿಯ ಆಸ್ಪತ್ರೆ ಆಯಿತು, ಬೆಂಗಳೂರಿನದೂ ಆಯಿತು. ಅಲ್ಲಿಯ ಡಾಕ್ಟರು ನನ್ನ ಮುಖ ನೋಡದೆ, "ಮನೆಗೆ ಕರ್ಕೊಂಡು ಹೋಗಿ, ಅವರು ಏನು ಕೇಳ್ತಾರೋ ಅದನ್ನ ಕೊಡಿ" ಎಂದರು. ಅಮ್ಮ ಕೇಳಿದ್ದು ಹುರುಳಿಕಾಳಿನ ಸಾರು. ಅದೇ ಬೇಡವೆಂದು ಅದೇ ಡಾಕ್ಟರು ಹಿಂದೆ ಹೇಳಿದ್ದರು. ಮಾಡಿಕೊಟ್ಟೆ.

ವಾಪಸ್ಸು ಬಂದ ಮಾರನೆಯ ದಿನ ಓನರಮ್ಮ ಮೇಲೆ ಬಂದಳು. ಅಮ್ಮನ ಕಾಲು ಮುಟ್ಟಿ ನೋಡಿದಳು. ನನ್ನನ್ನು ಅಡುಗೆಮನೆಗೆ ಕರೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಏಮ್ಮಾ, ಬ್ಯಾಸರ ಮಾಡ್ಕಬ್ಯಾಡ. ಆಯಮ್ಮಂದು ಏನಾದ್ರೂ ಹೆಚ್ಚುಕಮ್ಮಿ ಆಗೋ ಮುಂಚೆ ಮನೆ ಖಾಲಿ ಮಾಡಮ್ಮಾ."

ನನಗೆ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಬೇಕು: ಧನಿಷ್ಠೆಯಿಂದ ರೇವತಿಯವರೆಗೆ ಐದು ನಕ್ಷತ್ರಗಳಿವೆ. ಆ ದಿನಗಳಲ್ಲಿ ಯಾರಾದರೂ ಮನೆಯಲ್ಲಿ ಹೋದರೆ ಆ ಮನೆಯನ್ನು ಮೂರು ತಿಂಗಳೋ ಆರು ತಿಂಗಳೋ ಬೀಗ ಹಾಕಿ ಬಿಡಬೇಕು, ಒಳಗೆ ದೀಪ ಹಚ್ಚುವ ಹಾಗಿಲ್ಲ. ಮೇಲಿನ ಮನೆ ಮುಚ್ಚಿದರೆ ಕೆಳಗಿನದೂ ಮುಚ್ಚಬೇಕು, ಅಡಿಪಾಯ ಒಂದೇ ಅಲ್ಲವೇ ಎಂದು ಅವಳ ಪುರೋಹಿತರು ಹೇಳಿದ್ದರಂತೆ. ಆಮೇಲೆ ಆ ಮನೆಗೆ ಬಾಡಿಗೆಯವರು ಬರುವುದು ಅಷ್ಟರಲ್ಲೇ ಇದೆ.

"ಮನೆ ಮುಚ್ಚಿದ್ರೆ ನಾನು ಯಾಡಿಕಿ ಪೋವಾಲಮ್ಮಾ, ಎಲ್ಲಿಗೋಗ್ಲಿ? ನಂಗ್ಯಾರವ್ರೆ?" ಎಂದಳು. "ನೀನು ಹೊರಡೋ ದಿನ ಅಡ್ವಾನ್ಸ್ ಪೂರ್ತಿ ಕೈಗೆ ಕೊಡ್ತೀನಿ, ನನ್ನಾಣೆ."

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಸಾಯೋರ್ನ ಬೀದಿಗೆ ಹಾಕಂತೀಯಾ? ನಿನ್ ನಕ್ಷತ್ರಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿದೆ. ಅವಳು ಕೆಳಗಿಳಿದಳು. ಕೂಗುವಾಗ ಒಂದು ಗೋಡೆಯಾಚೆ ಅಮ್ಮ ಇದ್ದಾಳೆಂಬುದೇ ಮರೆತಿತ್ತು. ಒಳಗೆ ಹೋದರೆ ಅವಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

"ಆಯಮ್ಮ ಏಳಿದ್ದು ಸರಿಯಾಗೇ ಐತೆ ಕಣೆ. ಅವ್ಳ ಮನೆ ಮುಚ್ಸಿ ನಾವೇನ್ ಗಂಟು ಕಟ್ಕಂಡೋಗಬೇಕಾ?" ಎಂದಳು.

ಅಂದಿನಿಂದ ಅಮ್ಮನಿಗೆ ಒಂದು ಕೆಲಸ ಸಿಕ್ಕಿತು. ಬೆಳಿಗ್ಗೆ ಎದ್ದ ಕೂಡಲೇ, "ಇವತ್ತು ಯಾವ ನಕ್ಷತ್ರ ನೋಡೇ" ಎನ್ನುವಳು. ಗೋಡೆಯ ತೆಲುಗು ಕ್ಯಾಲೆಂಡರ್ ನೋಡಿ ಹೇಳುತ್ತಿದ್ದೆ. ಅಶ್ವಿನಿ, ಭರಣಿ ಎಂದರೆ ಅರ್ಧ ಇಡ್ಲಿ ತಿನ್ನುವಳು. ಆ ಕೆಟ್ಟ ಐದು ಬಂದರೆ ಅಲುಗಾಡದೆ ಮಲಗುವಳು. ಉಸಿರನ್ನೂ ಜೋಪಾನವಾಗಿ, ತುಂಬಿದ ಕೊಡ ಹೊತ್ತು ನಡೆಯುವವಳಂತೆ ಬಿಡುವಳು. ಯಾರದೋ ಮನೆಯ ಬಾಗಿಲು ಮುಚ್ಚದಿರಲೆಂದು ನನ್ನ ಅಮ್ಮ ತನ್ನ ಸಾವನ್ನು ಹಿಡಿದುಕೊಂಡು ಕೂತಿದ್ದಳು. ನನಗೆ ನೋಡಲಾಗಲಿಲ್ಲ. ಹೊರಟುಬಿಡೋಣ ಎಂದೆ.

ಹೋಗುವುದು ಎಲ್ಲಿಗೆ? ಬ್ರಹ್ಮಸಮುದ್ರದ ಕಡೆ ಅಮ್ಮನ ಊರಿತ್ತು, ಮನೆ ಎಂದೋ ದಾಯಾದಿಗಳ ಪಾಲಾಗಿತ್ತು. ಕಲ್ಯಾಣದುರ್ಗದಲ್ಲಿ ನನ್ನ ತಂಗಿ ಇದ್ದಳು, ಅವಳ ಗಂಡ ಸಣ್ಣ ಗೂಡ್ಸ್ ಗಾಡಿಯಲ್ಲಿ ಟೊಮೆಟೊ ಸಾಗಿಸುತ್ತಿದ್ದ. ಅದೇ ಗಾಡಿಯಲ್ಲಿ ಸಾಮಾನು ಹೇರಿದೆವು. ಹೊರಡುವ ಹೊತ್ತಿಗೆ ಓನರಮ್ಮ ಕೈ ಮುಗಿದು ನಿಂತಳು.

"ದುಡ್ಡು ಇನ್ನೂ ಜೋಡ್ಸಕ್ಕೆ ಆಗಿಲ್ಲಮ್ಮಾ. ಮೇಲಕ್ಕೆ ಹೊಸಬ್ರು ಬರ್ಲಿ, ಅವ್ರು ಕೊಟ್ಟಿದ್ದು ಹಂಗೇ ನಿನ್ ಕೈಗೆ ಹಾಕ್ತೀನಿ. ಬೀಗದ ಕೈ ಕೊಟ್ಟೋಗು, ಸುಣ್ಣ ಬಣ್ಣ ಹೊಡೆಸ್ಬೇಕು."

ನಮ್ಮ ಕಡೆ ಅಡ್ವಾನ್ಸ್ ಎನ್ನುವುದು ಹೀಗೆಯೇ ಸುತ್ತುತ್ತದೆ. ಬಂದ ದುಡ್ಡು ಬಂದ ವರ್ಷವೇ ಖರ್ಚು. ಇವಳು ನನ್ನದನ್ನು ಬೋರು ಕೊರೆಸಲು ಹಾಕಿದ್ದಳು, ಆ ನೀರನ್ನು ನಾನೂ ಕುಡಿದಿದ್ದೆ. ಹೋಗುವವರಿಗೆ ಕೊಡುವುದು ಬರುವವರ ದುಡ್ಡು. ಅದಕ್ಕೇ ತಿಳಿದವರು ದುಡ್ಡು ಎಣಿಸಿಕೊಳ್ಳದೆ ಬೀಗದ ಕೈ ಬಿಡುವುದಿಲ್ಲ, ಒಂದು ಹಳೇ ಚಾಪೆಯನ್ನಾದರೂ ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ. ನನಗೆ ಇದೆಲ್ಲ ಬಾಯಿಪಾಠ. ಆದರೂ ಅಮ್ಮ ಗಾಡಿಯಲ್ಲಿ ಮಲಗಿ, "ಕೊಟ್ಟುಬುಡೇ, ಪಾಪ" ಎಂದಳು, ನಾನು ಕೊಟ್ಟುಬಿಟ್ಟೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ತಂಗಿಯದು ಒಂದೇ ರೂಮಿನ ಬಾಡಿಗೆ ಮನೆ. ಅವಳ ಓನರ್ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬಾಗಿಲಿಗೆ ಬಂದ. "ನೆಂಟ್ರು ಎಷ್ಟು ದಿನ ಇರ್ತಾರೆ?" ಎಂದು ಕೇಳಿದ. ಅವನ ಕಣ್ಣು ಅಮ್ಮನ ಊದಿದ ಕಾಲ ಮೇಲಿತ್ತು. ಅವನು ಹೋದ ಮೇಲೆ ಅಮ್ಮ ಮೆಲ್ಲಗೆ, "ಇಲ್ಲೂ ಆಗಂಗಿಲ್ಲ ಅಲ್ವೇನೇ?" ಎಂದಳು. ತಂಗಿ ಎದ್ದು ಹೊರಗೆ ಹೋದಳು. ಇಷ್ಟು ದೊಡ್ಡ ಪ್ರಪಂಚದಲ್ಲಿ ನಮ್ಮಮ್ಮನಿಗೆ ಸಾಯಲು ಹತ್ತಡಿ ಜಾಗವಿಲ್ಲವಲ್ಲಾ ಎಂದು ಹೊಟ್ಟೆ ಉರಿಯಿತು.

ಊರೆಲ್ಲ ಮನೆ ಹುಡುಕಿದೆವು. ಕಾಯಿಲೆಯವರಿದ್ದಾರೆಂದರೆ ಮನೆ ಇಲ್ಲ, ಇಲ್ಲವೆಂದು ಸುಳ್ಳು ಹೇಳಲು ಅಮ್ಮ ಬಿಡಲಿಲ್ಲ. ಕೊನೆಗೆ ಟೊಮೆಟೊ ಮಂಡಿಯ ಹಿಂದೆ ತಂಗಿಯ ಗಂಡನೇ ಒಂದು ಮನೆ ಕಂಡುಹಿಡಿದ. ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಸಾಯಬರದು. ಎರಡು ಕೋಣೆ, ಶೀಟಿನ ಚಾವಣಿ. ನಾನು ಮೊದಲೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ: ಅಮ್ಮ ಹೀಗಿದ್ದಾಳೆ, ಹೆಚ್ಚು ದಿನವಿಲ್ಲ, ನಿಮ್ಮ ಮನೆಯಲ್ಲೇ ಆಗಬಹುದು.

ಅವರು ಕಬ್ಬಿಣದಿಂದ ಕಣ್ಣೆತ್ತಲಿಲ್ಲ. "ನಮಗೆ ನಕ್ಷತ್ರಗಿಕ್ಷತ್ರ ಇಲ್ಲಮ್ಮಾ. ಅಡ್ವಾನ್ಸ್ ಐವತ್ತು. ಕಂತು ಗಿಂತು ಇಲ್ಲ, ಒಂದ್ ರೂಪಾಯಿ ಕಮ್ಮಿ ಇಲ್ಲ. ಮುಂದಿನ ಶುಕ್ರವಾರದ ತಂಕ ನೋಡ್ತೀನಿ, ಆಮೇಲೆ ಬೇರೆಯವ್ರಿಗೆ ಕೊಡೋದೇ."

ಕೈಯಲ್ಲಿ ದುಡ್ಡಿದ್ದಿದ್ದರೆ ಅವರ ವೆಲ್ಡಿಂಗ್ ಕನ್ನಡಕದ ಮೇಲೇ ಎಣಿಸುತ್ತಿದ್ದೆ. ಮಿಷಿನ್ನು ಮಾರಲು ನೋಡಿದೆ, ಹಳೇದೆಂದು ಪುಡಿಗಾಸು ಹೇಳಿದರು. ಇನ್ನು ಉಳಿದದ್ದು ಹಿಂದೂಪುರ.

ಬಸ್ಸು ಹತ್ತಿ ಹೋದೆ. ಓನರಮ್ಮ ಕಾಫಿ ಕೊಟ್ಟಳು. "ಡಬ್ಬುಲು ಯಾಡುಂಡಾಯಮ್ಮಾ ನಾ ದಗ್ಗರ? ದುಡ್ಡೆಲ್ಲೈತೆ? ಹೊಸಬ್ರು ಬರ್ಲಿ" ಎಂದಳು. ಮತ್ತೆ ಹೋದೆ. ಕಾಫಿ ಇಲ್ಲ, ಅದೇ ಮಾತು. ಹೊಸಬರು ಬಂದರೆ ತಾನೆ ದುಡ್ಡು, ನಾನೇ ತರುತ್ತೇನೆ ಎಂದು ಹಟ ಹಿಡಿದೆ. ನನ್ನನ್ನು ಹೊರಗೆ ಹಾಕಿದ ಮನೆಗೆ ನಾನೇ ದಲ್ಲಾಳಿಯಾದೆ! ನನ್ನ ಹಳೇ ಗಿರಾಕಿಗಳ ಮನೆ ಮನೆಗೆ ಹೋಗಿ, ಒಳ್ಳೇ ಗಾಳಿ ಬೆಳಕು, ಬೋರಿನ ನೀರು, ಓನರಮ್ಮ ಬಂಗಾರದಂಥವಳು ಎಂದು ಹೊಗಳಿದೆ. ಹೊಗಳುವಾಗ ಹಲ್ಲು ಕಡಿಯುತ್ತಿದ್ದೆ. ಒಬ್ಬ ಮೇಷ್ಟ್ರು ಹೆಂಡತಿಯ ಜೊತೆ ಬಂದು ನೋಡಿ, ಬಾಗಿಲು ದಕ್ಷಿಣಕ್ಕಿದೆ ಎಂದು ಹೋದರು. ಗಾರ್ಮೆಂಟ್ಸಿಗೆ ಹೋಗುವ ಗೋರಂಟ್ಲದ ಹೆಣ್ಣುಮಕ್ಕಳು ಸಿದ್ಧವಾಗಿದ್ದರು. ಬರೀ ಹುಡುಗಿಯರು ಬೇಡವೆಂದು ಓನರಮ್ಮನೇ ಮುಖ ತಿರುಗಿಸಿದಳು.

"ಅಕ್ಕಾ, ಅಮ್ಮನ್ನ ಮಲಗ್ಸಕ್ಕೆ ಜಾಗ ಇಲ್ಲ ಕಣಕ್ಕಾ. ನಿನ್ ಕಾಲಿಗೆ ಬೀಳ್ತೀನಿ" ಎಂದೆ. ನಿಜವಾಗಿಯೂ ಬಿದ್ದೆ. ಅವಳು ಹಿಂದಕ್ಕೆ ಸರಿದು ಅತ್ತಳು. ಅವಳ ಅಳುವನ್ನು ಕಟ್ಟಿಕೊಂಡು ನಾನೇನು ಮಾಡಲಿ? ಬಸ್‌ಸ್ಟ್ಯಾಂಡಿನಲ್ಲಿ ಕೂತು ಯಾರಿಗೂ ಕಾಣದ ಹಾಗೆ ಬ್ಯಾಗಿನೊಳಗೆ ಮುಖವಿಟ್ಟು ನಾನೂ ಅಳಲು ನೋಡಿದೆ, ಬರಲಿಲ್ಲ. ಅಂದು ಸೋಮವಾರ. ಸಂಜೆ ಫೋನ್ ಮಾಡಿದರೆ ಅವಳು ಎತ್ತಲಿಲ್ಲ.

ಮಂಗಳವಾರ ತಂಗಿಯ ರೂಮಿನಲ್ಲಿ ನಾವಿಬ್ಬರೂ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದು ತಂಗಿ, ಲಾಯರಿಗೆ ಕೊಡಲು ದುಡ್ಡೆಲ್ಲಿದೆ ಎಂದು ನಾನು. ಅಮ್ಮ ಮಲಗಿದ್ದಲ್ಲೇ ಕೇಳಿದಳು, "ನಾಳೆ ಯಾವ ನಕ್ಷತ್ರ?"

ನೋಡಿದೆ. ಶತಭಿಷ. ಕೆಟ್ಟ ಐದರಲ್ಲಿ ಎರಡನೆಯದು. ಹೇಳಬಾರದೆಂದುಕೊಂಡೆ, ಹೇಳಿದೆ.

"ಹಂಗಾದ್ರೆ ನಾಳೆ ನನ್ನ ಇಂದೂಪುರಕ್ಕೆ ಕರ್ಕಂಡೋಗು."

"ಯಾಕೆ?"

"ನೀನು ಕೇಳಿದ್ರೆ ಕೊಡಲ್ಲ ಕಣೆ. ನಾನ್ ಓಗಿ ಅವ್ಳ ಜಗುಲಿ ಮ್ಯಾಲೆ ಕುಂತ್ಕತೀನಿ. ಕೊಡ್ತಾಳೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಥೂ, ಬಾಯಿ ಮುಚ್ಕ" ಎಂದು ಗದರಿದೆ. ದಾರಿಯಲ್ಲೇ ಏನಾದರೂ ಆದರೆ? ಅಮ್ಮ ನಕ್ಕಳು. ಎಷ್ಟು ದಿನದ ಮೇಲೆ ನಕ್ಕಳೋ. "ಆದ್ರೆ ಆಯ್ತದೆ. ದಾರಿಗೇನ್ ಓನರಮ್ಮ ಇಲ್ವಲ್ಲ" ಎಂದಳು.

ಬುಧವಾರ ಹೊರಟೆವು. ಗಾಡಿಯಲ್ಲಿ ಅರ್ಧಕ್ಕೆ ಟೊಮೆಟೊ ಕ್ರೇಟು, ಇನ್ನರ್ಧಕ್ಕೆ ಹಾಸಿಗೆ. ಖಾಲಿ ಹೋದರೆ ಡೀಸೆಲ್ ಹುಟ್ಟುವುದಿಲ್ಲವೆಂದು ತಂಗಿಯ ಗಂಡ ಹಿಂದೂಪುರದ ಮಾರ್ಕೆಟ್ಟಿಗೆ ಲೋಡು ಹಿಡಿದಿದ್ದ. ನಾನು ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಪಾವಗಡ ದಾಟುವವರೆಗೆ ಮಾತಾಡುತ್ತಿದ್ದಳು. ಆಮೇಲೆ ಸುಮ್ಮನಾದಳು. ರಸ್ತೆಯ ಪ್ರತಿ ಉಬ್ಬಿಗೂ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ದೇವರೇ, ನನ್ನ ಅಮ್ಮನನ್ನು ನಾನೇ ಕೊಲ್ಲಲು ಒಯ್ಯುತ್ತಿದ್ದೇನೆ, ಯಾವುದೋ ದುಡ್ಡಿಗೆ! ಗಾಡಿ ತಿರುಗಿಸು ಎಂದು ಮುಂದಿನ ಗಾಜು ಬಡಿದೆ. ಅಮ್ಮ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು ಕೆಳಗಿಳಿಸಿದಳು.

ಓನರಮ್ಮನ ಮನೆ ಮುಂದೆ ಇಳಿದಾಗ ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಜಗುಲಿಯ ಮೇಲೆ ಕಂಬಕ್ಕೊರಗಿಸಿ ಕೂರಿಸಿದೆವು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಓನರಮ್ಮ ಹೊರಗೆ ಬಂದವಳು ಹೊಸಲಲ್ಲೇ ನಿಂತುಬಿಟ್ಟಳು.

"ಚೆನ್ನಾಗಿದ್ದೀಯಾ ತಾಯಿ?" ಎಂದಳು ಅಮ್ಮ. "ಎಲ್ಲೂ ಜಾಗ ಸಿಕ್ಕಲಿಲ್ಲ. ಅದಕ್ಕೇ ನಿಮ್ಮನೆಗೇ ಬಂದೆ."

"ಅಯ್ಯೋ ದೇವುಡಾ!" ಅವಳ ಮುಖ ಸುಣ್ಣವಾಯಿತು. ನನ್ನ ಕಡೆ ತಿರುಗಿದಳು. "ಈ ಸ್ಥಿತೀಲಿ ಯಾಕ್ ಕರ್ಕಂಬಂದ್ಬುಟ್ಟೆ? ಇವತ್ತು ಯಾವ ನಕ್ಷತ್ರ ಗೊತ್ತೇನಮ್ಮಾ?"

ನಾನು ಬಾಯಿ ತೆರೆಯುವ ಮುಂಚೆ ಅಮ್ಮನೇ ಹೇಳಿದಳು, "ಗೊತ್ತು ಕಣಮ್ಮ. ನೋಡ್ಕಂಡೇ ಬಂದೆ."

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಉಕ್ಕಿತು, ಅದರ ಬೆನ್ನಿಗೇ ಭಯ. ಅಮ್ಮನ ತುಟಿ ನೀಲಿಯಾಗಿತ್ತು. ಅವಳು ನಾಟಕವಾಡುತ್ತಿರಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಓನರಮ್ಮ ಒಳಗೆ ಹೋದಳು, ಚಪ್ಪಲಿ ಮೆಟ್ಟಿ ಹೊರಗೆ ಬಂದಳು, ಆಟೋ ಹತ್ತಿ ಹೋದಳು. ಓಡಿ ಹೋದಳೇನೋ ಎಂದುಕೊಂಡೆ. ಬಾಗಿಲು ತೆರೆದೇ ಇತ್ತು. ತಂಗಿಯ ಗಂಡ ಟೊಮೆಟೊ ಇಳಿಸಿಬರಲು ಹೋದ. ಅಮ್ಮನ ಪಕ್ಕ ಕೂತು ಅವಳ ಉಸಿರು ಎಣಿಸುತ್ತಾ, ಇಲ್ಲಿ ಬೇಡಮ್ಮ, ಇವಳ ಮನೆಯಲ್ಲಿ ಬೇಡ, ಇನ್ನು ಸ್ವಲ್ಪ ಇರು ಎಂದು ಒಳಗೊಳಗೇ ಬೇಡಿಕೊಂಡೆ. ಯಾರ ಮೇಲೆ ಸೇಡಿಗೆ ಬಂದಿದ್ದೆನೋ ಅವಳ ಮನೆಯನ್ನೇ ಕಾಯುತ್ತಿದ್ದೆ.

ಓನರಮ್ಮ ಹಿಂತಿರುಗಿದಾಗ ಸೆರಗನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ದುಡ್ಡಿನ ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. "ಪೂರ್ತಿ ಐತೆ. ಸುಣ್ಣ ಬಣ್ಣಕ್ಕೂ ಹಿಡ್ಕಂಡಿಲ್ಲ" ಎಂದಳು. ಬಗ್ಗಿದಾಗ ಸೆರಗು ಜಾರಿತು. ಅವಳು ಸ್ನಾನಕ್ಕೂ ಬಿಚ್ಚದಿದ್ದ ಬಂಗಾರದ ಎರಡೆಳೆ ಸರ ಕೊರಳಲ್ಲಿರಲಿಲ್ಲ. ನಾನು ಅಳತೆ ತೆಗೆಯುವಾಗೆಲ್ಲ ಪಕ್ಕಕ್ಕೆ ಸರಿಸುತ್ತಿದ್ದ ಸರ.

ಅಮ್ಮ ಕೈ ಚಾಚಿದಳು. ಓನರಮ್ಮ ಜಗುಲಿಯ ಮೇಲೆ ಕೂತು ಆ ಕೈ ಹಿಡಿದುಕೊಂಡಳು.

"ನಿನ್ ಮನೆ ಚೆಂದಾಗಿರ್ಲಿ ಕಣಮ್ಮ" ಎಂದಳು ಅಮ್ಮ. "ನಾನ್ ಇಲ್ಲಿ ಏನೂ ಬುಟ್ಟೋಗಲ್ಲ."

"ನಂದೂ ಇಂಗೇ ಅಲ್ವಾ ಅಮ್ಮಾ ನಾಳೆ" ಎಂದಳು ಓನರಮ್ಮ. ಒಳಗಿಂದ ಬಿಸಿನೀರು ತಂದು ಚಮಚದಲ್ಲಿ ಕುಡಿಸಿದಳು. ಗಾಡಿ ಬಂದಾಗ ಅಮ್ಮನನ್ನು ಎತ್ತಲು ಅವಳೂ ಕೈ ಹಾಕಿದಳು. ನಾನು ಅವಳ ಮುಖ ನೋಡಲಿಲ್ಲ, ಅವಳು ನನ್ನ ಮುಖ ನೋಡಲಿಲ್ಲ.

ಗುರುವಾರ ಸಾಯಬರ ಕೈಗೆ ದುಡ್ಡು ಕೊಟ್ಟೆ. ಅವರು ಎರಡು ಸಲ ಎಣಿಸಿ ಬೀಗದ ಕೈ ಕೊಟ್ಟರು. ಅಂದೇ ಅಮ್ಮನನ್ನು ಕರೆತಂದು ಕಿಟಕಿಯ ಪಕ್ಕ ಮಂಚ ಹಾಕಿದೆವು. ಅವಳು ಚಾವಣಿಯ ಶೀಟು ನೋಡಿದಳು, ಗೋಡೆ ಮುಟ್ಟಿದಳು.

"ಇಲ್ಲಿ ಆಯ್ತದಾ?" ಎಂದು ಕೇಳಿದಳು.

ಯಾವ ಮಗಳಿಗೂ ಇಂಥ ಪ್ರಶ್ನೆಗೆ ಉತ್ತರ ಹೇಳುವ ಗತಿ ಬಾರದಿರಲಿ. ಮಿಷಿನ್ನಿನ ಮೇಲೆ ಕೈಯೂರಿ ನಿಂತು, "ಆಯ್ತದೆ ಕಣಮ್ಮ. ಯಾರೂ ಏನೂ ಅನ್ನಲ್ಲ" ಎಂದೆ.

"ಸರಿ ಬುಡು" ಎಂದು ಅವಳು ಕಾಲು ಚಾಚಿ ಮಲಗಿದಳು. ತಿಂಗಳುಗಟ್ಟಲೆ ಮುದುಡಿಕೊಂಡಿದ್ದವಳು ಬಾಗಿಲ ಕಡೆಗೆ ಉದ್ದಕ್ಕೆ ಕಾಲು ಚಾಚಿದಳು. ಮತ್ತೆ ಒಂದು ದಿನವೂ ನಕ್ಷತ್ರ ಕೇಳಲಿಲ್ಲ. ಕ್ಯಾಲೆಂಡರನ್ನು ನಾನು ಗೋಡೆಗೆ ಹಾಕಲೂ ಇಲ್ಲ. ಹುರುಳಿಕಾಳಿನ ಸಾರು ಕೇಳಿದಳು, ಉಪ್ಪು ಸಾಲದೆಂದು ಬೈದಳು, ಮಂಡಿಯ ಹರಾಜಿನ ಕೂಗು ಕೇಳಿ ಟೊಮೆಟೊ ರೇಟು ಎಷ್ಟೆಂದು ವಿಚಾರಿಸಿದಳು. ಒಂದು ಬೆಳಿಗ್ಗೆ ನಾನು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಮಿಷಿನ್ನು ನಿಲ್ಲಿಸಿದಾಗ ಪಕ್ಕದಲ್ಲಿ ಸದ್ದಿರಲಿಲ್ಲ.

ಅಂದು ನಾನು ಅಳಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಸಾಯಬರು ಅಂಗಡಿ ಮುಚ್ಚಿ ಬಂದು, ಚಟ್ಟ ಕಟ್ಟುವವರಿಗೆ ತಂತಿ ಕತ್ತರಿಸಿ ಕೊಟ್ಟರು. ಹಿಂದೂಪುರದಿಂದ ಓನರಮ್ಮ ಫೋನ್ ಮಾಡಿದಳು, ಯಾವಾಗ ಹೋದರು ಎಂದಷ್ಟೇ ಕೇಳಿದಳು, ಯಾವ ನಕ್ಷತ್ರ ಎಂದು ಕೇಳಲಿಲ್ಲ.

ಕರ್ಮಾಂತರವಾದ ಮಾರನೆಯ ದಿನ ಸಾಯಬರು ಬಾಗಿಲ ಮುಂದೆ ಬಂದು ನಿಂತರು. ನನಗೆ ಗೊತ್ತಿತ್ತು, ಎಲ್ಲ ಓನರುಗಳೂ ಬಂದು ನಿಲ್ಲುವುದು ಹೀಗೆಯೇ. ಅವರು ಬಾಯಿ ತೆರೆಯುವ ಮುಂಚೆ ನಾನೇ ಕೇಳಿಬಿಟ್ಟೆ, "ಮನೆ ಯಾವತ್ತು ಖಾಲಿ ಮಾಡ್ಲಿ ಸಾಯಬ್ರೇ?"

ಅವರಿಗೆ ಅರ್ಥವಾಗಲಿಲ್ಲ. "ಖಾಲಿ ಯಾಕಮ್ಮಾ? ನಾನ್ ಬಂದಿದ್ದು ಬಾಡಿಗೆಗೆ. ಐದನೇ ತಾರೀಕು ಆಗೋಯ್ತಲ್ಲ" ಎಂದರು.

ಒಳಗೆ ಹೋಗಿ ಬಾಡಿಗೆ ತಂದು ಅವರ ಕೈಗೆ ಕೊಟ್ಟೆ. ಅವರು ಎಣಿಸುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬಾರದಿದ್ದ ಅಳು, ಅಮ್ಮ ಹೋದ ದಿನವೂ ಬಾರದಿದ್ದ ಅಳು, ಆಗ ಬಂತು. ಬಾಗಿಲಲ್ಲೇ ಕುಸಿದು, ಬೀದಿಗೆಲ್ಲ ಕೇಳುವ ಹಾಗೆ, ನನ್ನ ಮನೆಯಲ್ಲಿ ಕೂತು ಅತ್ತೆ.